ಸಂದರ್ಶನವೆಂಬುದು ಹರಾಜಲ್ಲ

ನಮ್ಮ ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜನ್ನು ಅರಿಯದ ಕುಟುಂಬಗಳು ವಿರಳ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಮಾರುಕಟ್ಟೆಯಲ್ಲಿ ಬೇಲ್‌ಗಳು ಸಾಲಾಗಿ ಕುಳಿತಿರುತ್ತವೆ. ಕೊಳ್ಳುವವರು ಎಲೆಯ ಬಣ್ಣ ನೋಡಿ, ಮುಟ್ಟಿ ಹದ ಪರೀಕ್ಷಿಸಿ ಮುಂದಕ್ಕೆ ಸಾಗುತ್ತಾರೆ. ಅಷ್ಟರಲ್ಲಿ ಕಿಲೋಗೆ ಇಷ್ಟೆಂದು ದರ ನಿಗದಿಯಾಗಿರುತ್ತದೆ. ಹಗಲಿರುಳು ಬ್ಯಾರನ್ನಿನ ಬೆಂಕಿ ಕಾದು ಸೊಪ್ಪನ್ನು ಹದಗೊಳಿಸಿದ ರೈತ ಪಕ್ಕದಲ್ಲಿ ಮೌನವಾಗಿ ನಿಂತಿರುತ್ತಾನೆ. ದರ ಒಪ್ಪದಿದ್ದರೆ ನಿರಾಕರಿಸುವ ಹಕ್ಕು ಅವನಿಗುಂಟು. ಆದರೆ ಸಾಲದ ಭಾರ ಹೊತ್ತವನಿಗೆ ಆ ಹಕ್ಕನ್ನು ಚಲಾಯಿಸುವುದು ಸುಲಭವಲ್ಲ.

ಉದ್ಯೋಗದ ಸಂದರ್ಶನಕ್ಕೆ ಹೋಗುವ ನಮ್ಮ ಮಕ್ಕಳು ಎಷ್ಟೋ ಸಲ ಆ ಬೇಲ್‌ಗಳಂತೆಯೇ ನಿಂತುಬಿಡುತ್ತಾರೆ. ನೋಡುವವರು ನೋಡಲಿ, ಬೆಲೆ ಕಟ್ಟುವವರು ಕಟ್ಟಲಿ, ನಾವು ಬಾಯಿ ತೆರೆಯುವಂತಿಲ್ಲ ಎಂಬುದು ಅವರ ಭಾವನೆ. ಇದು ಸರಿಯೇ ಎಂದು ನಿಮ್ಮೊಡನೆ ಯೋಚಿಸಬೇಕೆನಿಸಿದೆ.

ನಾನು ನಿವೃತ್ತ ಶಿಕ್ಷಕ. ಅರ್ಜಿ ತುಂಬಿಸಿಕೊಳ್ಳಲು ರಾವಂದೂರಿನ ಮಕ್ಕಳು ನಮ್ಮ ಮನೆಗೆ ಬರುವುದುಂಟು. ಒಮ್ಮೆ ಪಿಯುಸಿ ಮುಗಿಸಿದ ಹೆಣ್ಣುಮಗಳೊಬ್ಬಳು ಬಂದಳು. ಮೈಸೂರಿನ ಬಟ್ಟೆ ಅಂಗಡಿಯೊಂದರಲ್ಲಿ ಮಾರಾಟ ಹಾಗೂ ಗ್ರಾಹಕ ಸೇವೆಯ ಕೆಲಸಕ್ಕೆ ಅವಳಿಗೆ ಕರೆ ಬಂದಿತ್ತು. “ಮೇಷ್ಟ್ರೇ, ಅನುಭವ ಅನ್ನೋ ಕಡೆ ಏನೂ ಇಲ್ಲ ಅಂತ ಬರೀಲಾ?” ಎಂದು ಕೇಳಿದಳು.

ಆ ಹುಡುಗಿ ಎರಡು ವರ್ಷಗಳಿಂದ ಹಾಲಿನ ಡೇರಿಯಲ್ಲಿ ಮುಂಜಾನೆ ಕೆಲಸ ಮಾಡುತ್ತಿದ್ದುದು ನನಗೆ ಗೊತ್ತಿತ್ತು. ಹಾಲಿನ ದರ ಜಿಡ್ಡಿನಂಶವನ್ನು ಅವಲಂಬಿಸಿರುತ್ತದೆ. ಯಂತ್ರ ತೋರಿಸಿದ ಅಂಕಿ ಕಡಿಮೆಯಾಯಿತೆಂದು ದಿನವೂ ಯಾರಾದರೊಬ್ಬರು ಜಗಳಕ್ಕೆ ನಿಲ್ಲುವುದು ಅಲ್ಲಿ ಸಾಮಾನ್ಯ. “ಆಗ ನೀನೇನು ಮಾಡ್ತೀಯವ್ವಾ?” ಎಂದೆ. “ಏನ್ ಮಾಡ್ಲಿ ಮೇಷ್ಟ್ರೇ, ಅವರ ಕಣ್ಣೆದುರಿಗೇ ಇನ್ನೊಂದು ಸಲ ಹಾಕಿ ತೋರಿಸ್ತೀನಿ. ನೋಡಿದ ಮೇಲೆ ಸುಮ್ಮನಾಗ್ತಾರೆ” ಎಂದಳು. “ಅದನ್ನೇ ಬರಿ. ಅದಕ್ಕಿಂತ ದೊಡ್ಡ ಅನುಭವ ಇನ್ಯಾವುದು?” ಎಂದೆ.

ಓದುಗ ಬಂಧುಗಳೇ, ಇಂಥ ಸಂದರ್ಶನಗಳ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನಿಮ್ಮ ಬಗ್ಗೆ ಹೇಳಿ. ಗಿರಾಕಿ ಸಿಟ್ಟಾದರೆ ಏನು ಮಾಡುವಿರಿ. ಈ ಪೆನ್ನನ್ನು ನನಗೆ ಮಾರಿ ತೋರಿಸಿ. ಇಂಗ್ಲಿಷ್ ಬಾರದೆಂಬ ಅಳುಕಿನಿಂದ ನಮ್ಮ ಮಕ್ಕಳು ಇವುಗಳ ಮುಂದೆ ತಲೆತಗ್ಗಿಸುತ್ತಾರೆ. ಆದರೆ ಕೇಳುವವರು ಅರಿಯಬಯಸುವುದು ಒಂದೇ ವಿಷಯವನ್ನು: ಅಪರಿಚಿತನ ಮಾತನ್ನು ತಾಳ್ಮೆಯಿಂದ ಆಲಿಸಿ, ಅವನಿಗೆ ಬೇಕಾದುದನ್ನು ತಿಳಿದು, ಇದ್ದುದನ್ನು ಇದ್ದಂತೆ ಹೇಳಬಲ್ಲರೇ ಎಂಬುದನ್ನು. ಪೆನ್ನನ್ನು ಹೊಗಳುವುದಕ್ಕೆ ಮೊದಲು “ತಾವು ಏನು ಬರೆಯುತ್ತೀರಿ, ಸ್ವಾಮಿ?” ಎಂದು ಕೇಳುವವನೇ ನಿಜವಾದ ಮಾರಾಟಗಾರ.

ಇದ್ದುದನ್ನು ಇದ್ದಂತೆ ಹೇಳುವುದು ಸದ್ಗುಣ ಮಾತ್ರವಲ್ಲ, ಇಂದು ಕಾನೂನಿನ ಅಪೇಕ್ಷೆಯೂ ಹೌದು. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರವೆನಿಸುತ್ತದೆ. ದೋಷವುಳ್ಳ ವಸ್ತುವನ್ನು ರಸೀದಿಯಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಹಾಗೆಯೇ. ಸಿಟ್ಟಾದ ಗಿರಾಕಿಯ ಕುರಿತ ಪ್ರಶ್ನೆಗೆ ಈ ತಿಳಿವಳಿಕೆಯಿಂದ ಉತ್ತರಿಸುವ ಮಗುವನ್ನು ಯಾವ ವಿವೇಕಿಯೂ ಕಡೆಗಣಿಸಲಾರ.

ಕೊನೆಗೆ ಒಂದು ಪ್ರಶ್ನೆ ಬರುತ್ತದೆ: “ನೀವೇನಾದರೂ ಕೇಳುವುದಿದೆಯೇ?” ಹೆಚ್ಚಿನವರು “ಇಲ್ಲ ಸಾರ್” ಎಂದು ಎದ್ದುಬಿಡುತ್ತಾರೆ. ವಾಸ್ತವದಲ್ಲಿ ಅವರ ಸರದಿ ಆರಂಭವಾಗುವುದೇ ಅಲ್ಲಿ. ಆ ಹುಡುಗಿ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು: ಕೈಗೆ ಬರುವ ಸಂಬಳವೆಷ್ಟು? ನೇಮಕದ ಪತ್ರ ಕೊಡುವಿರಾ? ಕೆಲಸ ಬಿಡುವುದು ಎಷ್ಟು ಹೊತ್ತಿಗೆ? ಗಿರಾಕಿಗಳಿಲ್ಲದಾಗ ಕುಳಿತುಕೊಳ್ಳಬಹುದೇ?

ಕೊನೆಯ ಪ್ರಶ್ನೆಯನ್ನು ಕೇಳಿ ನಗಬೇಡಿ. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ಕಾಲು ಬಾತುಕೊಂಡ ಹೆಣ್ಣುಮಕ್ಕಳ ಹೋರಾಟದ ಫಲವಾಗಿ ಕೇರಳವು 2018ರಲ್ಲಿ, ಅನಂತರ ತಮಿಳುನಾಡು 2021ರಲ್ಲಿ, ಕೂರುವ ಹಕ್ಕನ್ನು ಕಾನೂನಿನಲ್ಲೇ ಸೇರಿಸಿದವು. ಒಂದು ಕುರ್ಚಿಗಾಗಿ ಶಾಸನಸಭೆಯವರೆಗೆ ಹೋಗಬೇಕಾಯಿತು ಎಂದರೆ ಆ ನೋವು ಎಷ್ಟಿದ್ದಿರಬೇಕು!

ಕೆಲಸ ಸಿಕ್ಕಿತೇ ಎಂದು ನೀವು ಕೇಳಬಹುದು. ಆಯ್ಕೆಯೇನೋ ಆದಳು. ಆದರೆ ಅಂಗಡಿ ಬಿಡುವಾಗ ರಾತ್ರಿ ಒಂಬತ್ತಾಗುವುದೆಂದು ತಿಳಿದು, ಆ ಹೊತ್ತಿನಲ್ಲಿ ಊರಿಗೆ ಮರಳುವ ದಾರಿ ಕಾಣದೆ, ವಂದನೆ ಹೇಳಿ ಬಂದಳು. ಒಂದೂವರೆ ತಿಂಗಳ ಬಳಿಕ ಹುಣಸೂರಿನಲ್ಲಿ ಬೇರೊಂದು ಕೆಲಸ ದೊರೆಯಿತು. ಸಂಬಳ ಕೊಂಚ ಕಡಿಮೆ; ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಾಳೆ. “ಬಂದ ಕೆಲಸ ಬಿಟ್ಟಳಲ್ಲಾ” ಎಂದು ಅಂದಿದ್ದ ಅವಳ ತಂದೆಯೇ ಈಗ ಬಸ್‌ ನಿಲ್ದಾಣದ ಬಳಿ ಮಗಳಿಗಾಗಿ ಕಾಯುವುದನ್ನು ನಾನು ಕಾಣುತ್ತೇನೆ. ಕೇಳಿ ತಿಳಿದುಕೊಂಡದ್ದರಿಂದಲೇ ಅವಳಿಗೆ ಬೇಡವೆನ್ನುವ ಧೈರ್ಯ ಬಂತು.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ. ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ. ಮೂಲ ಅಂಕಪಟ್ಟಿಯನ್ನು ತೋರಿಸಿ, ಒಪ್ಪಿಸಬೇಡಿ. “ಅವರು ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನು” ಎಂದು ಬುದ್ಧಿ ಹೇಳಿ ಮಕ್ಕಳನ್ನು ಬಸ್ಸು ಹತ್ತಿಸಬೇಡಿ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಎದುರು ಕುಳ್ಳಿರಿಸಿಕೊಂಡು, “ನೀನು ಅವರನ್ನು ಏನು ಕೇಳಬೇಕೆಂದಿದ್ದೀಯ?” ಎಂದು ವಿಚಾರಿಸಿ. ಮನೆಯಲ್ಲಿ ಪ್ರಶ್ನೆ ಕೇಳಲು ಕಲಿತ ಮಗು ಹೊರಗೂ ವಿನಯದಿಂದ, ಅಂಜಿಕೆಯಿಲ್ಲದೆ ಕೇಳಬಲ್ಲದು.