ಸೆಟಲ್‌ಮೆಂಟ್ ಸಾಕಾದೀತೆ?

ಬಹ್ರೈನಿನ ಜುಫೈರಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಊರಿನ ಮಳೆಯ ಮಾತು, ಆಮೇಲೆ ವಿಮಾನದ ಟಿಕೆಟ್ ದರ, ಕೊನೆಗೆ ಸ್ವಲ್ಪ ದನಿ ತಗ್ಗಿಸಿ ಸೆಟಲ್‌ಮೆಂಟ್, ಅಂದರೆ ಕೆಲಸ ಬಿಡುವಾಗ ಕೈಗೆ ಬರುವ ಇಡಿಗಂಟು. ಮಳೆಯ ವಿಷಯದಲ್ಲಿ ಜಗಳವಾಗುವುದುಂಟು. ಸೆಟಲ್‌ಮೆಂಟ್ ಸಾಲದು ಎನ್ನುವುದರಲ್ಲಿ ಮಾತ್ರ ಬಂಟ್ವಾಳ, ಕುಂದಾಪುರ, ಹುಬ್ಬಳ್ಳಿ ಎಲ್ಲ ಒಂದೇ ಪಕ್ಷ.

ಲೆಕ್ಕವೇನೋ ಸುಲಭ. ಬಹ್ರೈನ್ ಕಾನೂನಿನಂತೆ ನಮ್ಮಂಥ ಪರದೇಶಿಗಳಿಗೆ ಮೊದಲ 3 ವರ್ಷ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. 25 ವರ್ಷ ದುಡಿದವನಿಗೆ ಇಪ್ಪತ್ಮೂರೂವರೆ ತಿಂಗಳು. ಕಾಲು ಶತಮಾನ ದುಡಿದು ಎರಡು ವರ್ಷ ತುಂಬದಷ್ಟು ಊಟ! ಅದೂ ಮೂಲ ಸಂಬಳದ ಲೆಕ್ಕದಲ್ಲಿ. ಫ್ಲಾಟಿನ ಬಾಡಿಗೆ, ಕಾರಿನ ಭತ್ಯೆ ಆಗ ಪರಿಚಯವೇ ಇಲ್ಲದವರಂತೆ ಪಕ್ಕಕ್ಕೆ ಸರಿದುಬಿಡುತ್ತವೆ.

2024ರ ಮಾರ್ಚ್‌ನಿಂದ ಈ ಹಣವನ್ನು ಕಂಪನಿ ತಿಂಗಳು ತಿಂಗಳು ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕು: ಮೊದಲ 3 ವರ್ಷ ಶೇ. 4.2, ಆಮೇಲೆ ಶೇ. 8.4. ಹಳೆಯ ಮೊತ್ತವೇ ಕಂತಾಗಿ ಒಡೆದದ್ದು, ಅಷ್ಟೆ. ಆದರೂ ಮುದಲಾಳಿಯ ಗಲ್ಲಾಪೆಟ್ಟಿಗೆಯಿಂದ ಹೊರಬಿತ್ತಲ್ಲ, ಅದೇ ಸಮಾಧಾನ. ನಮ್ಮ ಕಟ್ಟಡದ ಕುಂದಾಪುರದ ಹಿರಿಯರು ಸುದ್ದಿ ಕೇಳಿ, “ಮಾರಾಯಾ, ದುಡ್ಡ್ ಭದ್ರ ಆಯ್ತ್. ಭದ್ರ ಆದ್ ಕೂಡ್ಲೆ ಜಾಸ್ತಿ ಆತ್ತಾ?” ಎಂದರು. ಉತ್ತರ ಯಾರಲ್ಲೂ ಇರಲಿಲ್ಲ. ಚಹಾ ತರಿಸಿದೆವು.

ಮಂಗಳೂರಿನಲ್ಲಿರುವ ಭಾವ “ನಿಮಗೇನು, ದಿನಾರು” ಎನ್ನುತ್ತಾರೆ. ನಾನು “ನಿಮಗೇನು, ಪಿಎಫ್” ಎನ್ನುತ್ತೇನೆ. ಅವರ ಸಂಬಳದಿಂದ ಶೇ. 12, ಕಂಪನಿಯಿಂದ ಇನ್ನೊಂದು ಶೇ. 12. ಕೇಳಲು ಚೆಂದ. ಆದರೆ ಕಂಪನಿಯ ಪಾಲಿನಲ್ಲಿ ಪಿಂಚಣಿಗೆ ಹೋಗುವುದು 15,000 ರೂಪಾಯಿಯ ಮಿತಿಯೊಳಗೆ ಶೇ. 8.33, ಅಂದರೆ ತಿಂಗಳಿಗೆ 1,250. ಆ ಯೋಜನೆಯ ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಎಂದು ನಿಗದಿಯಾಯಿತು. ಅದರಲ್ಲಿ ಒಬ್ಬರ ಮಾತ್ರೆಯ ಖರ್ಚೂ ಹುಟ್ಟುವುದಿಲ್ಲ. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಉರಿಸಿಕೊಂಡು ಸುಖವಾಗಿದ್ದೇವೆ.

ನಮ್ಮ ನಿಜವಾದ ಮರುಳು ಬೇರೆ. ದಿನಾರನ್ನು ಡಾಲರಿಗೆ ಕಟ್ಟಿ ಹಾಕಿದ್ದಾರೆ, ಅದು ಅಲ್ಲಾಡುವುದಿಲ್ಲ. ಅಲ್ಲಾಡುವುದು ನಮ್ಮ ರೂಪಾಯಿ. 2000ದಲ್ಲಿ ಒಂದು ದಿನಾರಿಗೆ ಸುಮಾರು 120 ರೂಪಾಯಿ ಇತ್ತು, ಈಗ 200 ದಾಟಿ ಎಷ್ಟೋ ಕಾಲವಾಯಿತು. ರೂಪಾಯಿ ಬಿದ್ದ ಸಂಜೆ ಎಕ್ಸ್‌ಚೇಂಜ್ ಮುಂದೆ ಸಾಲು ನೋಡಬೇಕು, ಮದುವೆ ಮನೆಯ ಕಳೆ! ಆದರೆ ಕೆಲಸ ಬಿಟ್ಟು ಊರು ಸೇರಿದ ದಿನದಿಂದ ನಾವೂ ಬೀಳುವ ರೂಪಾಯಿಯನ್ನೇ ಉಣ್ಣುವವರು. ಇಷ್ಟು ವರ್ಷ ಹಬ್ಬ ಮಾಡಿದ್ದು ನಮ್ಮದೇ ಮುಪ್ಪಿನ ನಷ್ಟಕ್ಕೆ ಎಂದು ಆ ಸಾಲಿನಲ್ಲಿ ನಿಂತು ಹೇಳಿದರೆ ಹೊಡೆದಾರು.

ಇಲ್ಲೇ ಉಳಿಯೋಣವೆಂದರೆ 2022ರಲ್ಲಿ ಬಂದ ಗೋಲ್ಡನ್ ರೆಸಿಡೆನ್ಸಿ ಎಂಬ ದೀರ್ಘಕಾಲದ ವಾಸದ ಪರವಾನಗಿ ಇದೆ. ಅದಕ್ಕೆ 2,000 ದಿನಾರಿನ ಮೂಲ ಸಂಬಳ ಬೇಕು. ಆ ಮಾತು ಬಿಡಿ.

ನಾನು ಬಂದ ಹೊಸತರಲ್ಲಿ ಬಾಲ್ಕನಿಯಿಂದ ಕಡಲು ಕಾಣುತ್ತಿತ್ತು. ಕಡಲಿಗೆ ಮಣ್ಣು ತುಂಬಿ ತುಂಬಿ ಜುಫೈರ್ ಬೆಳೆಯಿತು. ಈಗ ಎದುರಿನ ಫ್ಲಾಟಿನವರ ಲುಂಗಿ ಒಣಗುವುದು ಕಾಣುತ್ತದೆ. ಕಡಲು ನೋಡುತ್ತಾ ಕೂರಲೆಂದೇ ಊರಿನಲ್ಲಿ ಮನೆ ಕಟ್ಟಿಸಿದ್ದೇವೆ. ಅಲ್ಲಿ ಈಗ ವಾಸವಿರುವುದು ಪಾರಿವಾಳ. ಬರಲಿರುವ ಸೆಟಲ್‌ಮೆಂಟಿಗಂತೂ ಮೂರು ಕಡೆಯಿಂದ ಮುಂಗಡ ಹಕ್ಕುದಾರರು: ಮಗಳ ಕಾಲೇಜು, ಸೋರುವ ಟೆರೇಸು, ಹೆಂಡತಿಯ ಮಂಡಿ.

ಹೊಸದಾಗಿ ಬಂದ ಹುಡುಗರು ಕೇಳಿದರೆ ನಾನು ಹೇಳುವುದಿಷ್ಟು: ಕಂಪನಿ ಕೊಡುವ ವರ್ಷಕ್ಕೊಂದು ತಿಂಗಳು ಸಾಲದು, ಖಂಡಿತ ಸಾಲದು. ಕಡಿಮೆಯೆಂದರೂ ಅದರ ಎರಡರಷ್ಟು ನೀವೇ ಬೇರೆ ತೆಗೆದಿಡಿ. ಭಾರತದ ಪಿಂಚಣಿ ಯೋಜನೆ ಎನ್‌ಪಿಎಸ್ ಅನಿವಾಸಿಗಳಿಗೂ ತೆರೆದಿದೆ. ಊರಿನ ಮನೆಯ ಕಾಂಪೌಂಡ್ ಗೋಡೆ ಇನ್ನೆರಡು ವರ್ಷ ತಡವಾಗಲಿ, ಪಾರಿವಾಳಗಳು ತಕರಾರು ಮಾಡುವುದಿಲ್ಲ.