ಸ್ವರಸಾಧನೆಗೆ ಅನ್ನದ ಆಸರೆ

ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ತಾನು ನೀಡಿದ ಸಲಹೆಗಳೆಲ್ಲ ನೆನಪಿರುವುದಿಲ್ಲ. ಆದರೆ ಒಂದು ಸಲಹೆ ಮಾತ್ರ ಈ ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ನನ್ನನ್ನು ಬಿಟ್ಟಿಲ್ಲ.

1996ರ ಬೇಸಿಗೆ. ಅಕ್ಕಲಕೋಟೆ ತಾಲೂಕಿನ ಕನ್ನಡ ಪ್ರೌಢಶಾಲೆಯೊಂದರಲ್ಲಿ ನಾನು ಮುಖ್ಯಾಧ್ಯಾಪಕನಾಗಿದ್ದೆ. ನಮ್ಮ ಶಾಲೆಯಲ್ಲಿಯೇ ಓದಿ, ಸೊಲ್ಲಾಪುರದಲ್ಲಿ ಬಿ.ಎ. ಮುಗಿಸಿದ ಹುಡುಗನೊಬ್ಬ ತಂದೆಯೊಡನೆ ಮನೆಗೆ ಬಂದ. ಪ್ರಾರ್ಥನೆಯ ಹೊತ್ತಿಗೆ ಅವನು ವಚನ ಹಾಡತೊಡಗಿದರೆ ಅಡುಗೆಯ ಬಾಯಿ ಸಹ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಗಾಂಧರ್ವ ಮಹಾವಿದ್ಯಾಲಯ ಮಂಡಲದ ಮಧ್ಯಮಾ ಪರೀಕ್ಷೆ ಮುಗಿಸಿದ್ದ. ಸಂಗೀತದಲ್ಲಿ ಎಂ.ಎ. ಮಾಡುವ ಆಸೆ. ನಾನು ಹೇಳಿದೆ: ‘ಹಾಡು ಹವ್ಯಾಸಕ್ಕೆ ಇರಲಿ. ಬಿ.ಎಡ್. ಮಾಡು, ಹೊಟ್ಟೆಗೆ ದಾರಿಯಾಗುತ್ತದೆ.’

ಅವನು ಎದುರಾಡಲಿಲ್ಲ. ಬಿ.ಎಡ್. ಸೀಟೂ ಸಿಗಲಿಲ್ಲ. ಸೊಲ್ಲಾಪುರದ ಚಾದರ ಕಾರಖಾನೆಯೊಂದರಲ್ಲಿ ಮಗ್ಗದ ಮುಂದೆ ನಿಂತ. ಆ ಸದ್ದಿನಲ್ಲಿ ಶ್ರುತಿ ಉಳಿಯುವುದೆಂತು?

ಹೋದ ವರ್ಷದ ಆಷಾಢದಲ್ಲಿ ಅವನು ಮತ್ತೆ ಬಂದ. ಜೊತೆಗೆ ಮಗಳು. ಗಡಿಯಾಚೆಯ ವಿದ್ಯಾಲಯವೊಂದರಲ್ಲಿ ಹಿಂದೂಸ್ತಾನಿ ಗಾಯನದ ಸ್ನಾತಕೋತ್ತರ ತರಗತಿಗೆ ಆಕೆಗೆ ಪ್ರವೇಶ ದೊರೆತಿತ್ತು. ಚಹಾದ ಬಟ್ಟಲು ಕೆಳಗಿಟ್ಟು ಅವನು ಕೇಳಿದ: ‘ಗುರುಗಳ, ಆವಾಗ ನೀವು ಬ್ಯಾಡ ಅಂದ್ರಿ, ನಾ ಕೇಳಿದ್ನಿ. ಈಗ ಇಕಿಗಿ ಏನ್ ಹೇಳ್ತೀರಿ?’

ದೂರಿನ ದನಿಯಿರಲಿಲ್ಲ. ಆದುದರಿಂದಲೇ ಆ ಪ್ರಶ್ನೆ ನನ್ನನ್ನು ಹೆಚ್ಚು ಇರಿಯಿತು.

ಲೆಕ್ಕ ಹಾಕುತ್ತ ಕುಳಿತೆವು. ಶುಲ್ಕ ಹೇಗೋ ಹೊಂದೀತು. ಆದರೆ ವಸತಿನಿಲಯದಲ್ಲಿ ನಸುಕಿನ ನಾಲ್ಕಕ್ಕೆ ರಿಯಾಜಿಗೆ ಕೂಡಲು ಬರುವುದಿಲ್ಲ. ಹೊರಗೆ ಕೋಣೆ ಹಿಡಿಯಬೇಕು. ಅದರ ಬಾಡಿಗೆ, ಊಟ, ತಂಬೂರಿ, ವಾರಕ್ಕೆರಡು ಸಲ ತಬಲಾ ಸಾಥಿ. ತಾಯಿ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಹಾಕುವವಳು. ಮಗಳ ಕೈ ಇಲ್ಲದಿದ್ದರೆ ಆ ದುಡಿಮೆಯೂ ಅರ್ಧಕ್ಕಿಳಿಯುವುದು. ಈ ಕೊನೆಯ ಬಾಬನ್ನು ಯಾವ ಅರ್ಜಿಯ ನಮೂನೆಯೂ ಕೇಳುವುದಿಲ್ಲ.

ವಿದ್ಯಾರ್ಥಿವೇತನಕ್ಕಾಗಿ ಅಲೆದೆವು. ಒಂದು ಕಚೇರಿಯಲ್ಲಿ, ‘ನೀವು ಓದುವುದು ಬೇರೆ ರಾಜ್ಯದಲ್ಲಿ’ ಎಂದರು. ಇನ್ನೊಂದರಲ್ಲಿ, ‘ನೀವು ವಾಸಿಸುವುದು ಬೇರೆ ರಾಜ್ಯದಲ್ಲಿ’ ಎಂದರು. ಇಬ್ಬರೂ ನಿಯಮದಂತೆಯೇ ನಡೆದರು. ನಡುವೆ ಉಳಿದದ್ದು ಒಂದು ಮಗು.

ಆಗ ನನಗೆ ಹಿಂದಿನವರು ನೆನಪಾದರು. ಧಾರವಾಡ ಸೀಮೆಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಮೀರಜಿನ ನೀಲಕಂಠಬುವಾ ಅವರಲ್ಲಿ ಕಲಿತರು. ಇಂದಿನ ಗಡಿ ಅಂದು ಇರಲಿಲ್ಲ. ಧಾರವಾಡ, ಸೊಲ್ಲಾಪುರಗಳೆರಡೂ ಮುಂಬಯಿ ಪ್ರಾಂತದ ಜಿಲ್ಲೆಗಳೇ ಆಗಿದ್ದವು. ಭೀಮಸೇನ ಜೋಶಿಯವರು 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟಾಗ ಅವರಿಗೆ ಹನ್ನೊಂದು ವರ್ಷ. ರೈಲಿನಲ್ಲಿ ಹಾಡಿ ಹೊಟ್ಟೆ ಹೊರೆದರು. ಇಂಥ ಕಥೆಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹಾಗೆ ಮನೆ ಬಿಟ್ಟು, ಹಸಿವಿಗೆ ಸೋತು, ಹೆಸರಿಲ್ಲದೆ ಮರಳಿದ ಮಕ್ಕಳನ್ನು ಎಣಿಸಿದವರಾರು?

ಆ ಹಸಿವನ್ನು ಎಣಿಕೆಗೆ ತಂದುಕೊಂಡವರು ಗದುಗಿನವರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು (1892–1944) ಅಂಧ, ಅನಾಥ ಮಕ್ಕಳಿಗೆ ಸ್ವರದೊಡನೆ ಅನ್ನವನ್ನೂ ಇಕ್ಕಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ನಾಟಕ ಬರೆದು, ಕಂಪನಿ ನಡೆಸಿ, ಭಕ್ತರು ಮಾಡಿದ ತುಲಾಭಾರಗಳ ಹಣವನ್ನು ವೀರೇಶ್ವರ ಪುಣ್ಯಾಶ್ರಮಕ್ಕೇ ಸುರಿದರು. ಬಸವರಾಜ ರಾಜಗುರುಗಳಂಥ ಗಾಯಕರು ಬೆಳೆದದ್ದು ಪಂಚಾಕ್ಷರ ಗವಾಯಿಗಳ ಈ ಆಸರೆಯಲ್ಲಿಯೇ. ಆ ಆಶ್ರಮ ಮೊದಲು ಕೇಳಿದ್ದು ‘ಉಂಡೆಯಾ?’ ಎಂದು, ‘ಯಾವ ರಾಜ್ಯದವನು?’ ಎಂದಲ್ಲ.

ಇಂದೂ ದಾರಿಗಳು ಇಲ್ಲವೆಂದಲ್ಲ. ಓದುಗ ಬಂಧುಗಳು ತಿಳಿದಿರಬೇಕು. ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಕೇಂದ್ರದ ಸಿ.ಸಿ.ಆರ್.ಟಿ. ಸಂಸ್ಥೆಯ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನವಿದೆ. ಹದಿನೆಂಟರಿಂದ ಇಪ್ಪತ್ತೈದರವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ: ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ, ಗುರುವಿನಲ್ಲಿ ಐದು ವರ್ಷವಾದರೂ ಕಲಿತಿರಬೇಕು. ಕೋಲ್ಕತ್ತೆಯ ಐ.ಟಿ.ಸಿ. ಸಂಗೀತ ಸಂಶೋಧನ ಅಕಾಡೆಮಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಗುರುಕುಲಗಳಲ್ಲಿ ಗುರುವಿನ ಬಳಿಯಲ್ಲಿಯೇ ವಾಸ ಮಾಡಿ ಕಲಿಯುವ ವ್ಯವಸ್ಥೆಯಿದೆ. ಕೇಂದ್ರದ ನೆರವಿಗೆ ಗಡಿಯ ತೊಡಕಿಲ್ಲ. ನಮ್ಮ ಹುಡುಗಿಯೂ ಅರ್ಜಿ ಹಾಕಿದ್ದಾಳೆ. ಆದರೆ ಆ ಹಣ ಬರುವುದು ಆರಾರು ತಿಂಗಳ ಕಂತಿನಲ್ಲಿ, ಅದೂ ಆಯ್ಕೆಯಾದ ಮೇಲೆ. ಕೋಣೆಯ ಬಾಡಿಗೆ ಮಾತ್ರ ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ.

ಆದಕಾರಣ ನಾವು ನಾಲ್ವರು ನಿವೃತ್ತ ಶಿಕ್ಷಕರು ಪಿಂಚಣಿ ಬಂದ ದಿನವೇ ಒಂದಿಷ್ಟು ಹಣ ಒಟ್ಟುಗೂಡಿಸಿ ಕಳಿಸತೊಡಗಿದೆವು. ಆಕೆ ಮೊದಲ ವರ್ಷ ಮುಗಿಸಿದಳು. ಮುಂದೆ ದೊಡ್ಡ ಗಾಯಕಿಯಾಗುವಳೋ, ಶಾಲೆಯೊಂದರಲ್ಲಿ ಸಂಗೀತ ಕಲಿಸುವಳೋ, ನಾನರಿಯೆ. ಆಕೆಯ ತಂದೆಗೆ ದೊರೆಯದ ಎರಡು ವರ್ಷ ಆಕೆಗೆ ದೊರೆತರೆ ಸಾಕು. ನನ್ನ ತಪ್ಪು ಇದರಿಂದ ತೀರಿತೆಂದು ನಾನು ಹೇಳಲಾರೆ. ಹಾಡನ್ನು ಕೊಂದದ್ದು ಬಡತನವೆಂದು ಇಷ್ಟು ದಿನ ನಂಬಿದ್ದೆ. ಅಂದು ನನ್ನ ಧೈರ್ಯದ ಬಡತನವೂ ಅದರಲ್ಲಿ ಸೇರಿತ್ತೆಂದು ಈಗ ಒಪ್ಪುತ್ತೇನೆ. ‘ಬೇಡ’ ಎನ್ನುವ ಮೊದಲು ನಾಲ್ಕು ಮನೆಗಳ ಬಾಗಿಲು ತಟ್ಟಬಹುದಿತ್ತು.

ಅನ್ನವಿಕ್ಕುವ ಕಲೆಯನ್ನು ನಮ್ಮ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. ಅಕ್ಕಲಕೋಟೆಯ ಅನ್ನಛತ್ರದಲ್ಲಿ ದಿನವೂ ಎಷ್ಟು ಪಂಕ್ತಿ ಏಳುತ್ತವೆಂಬುದನ್ನು ಎಲ್ಲರೂ ಕಂಡಿದ್ದೇವೆ. ಸೊನ್ನಲಿಗೆಯ ಸಿದ್ಧರಾಮರು ಕಟ್ಟಿಸಿದ ಕೆರೆ ನೀರಿಗೆ ಬಂದವನ ಊರು ಕೇಳುವುದಿಲ್ಲ. ಸಂಘದ ಹಿರಿಯರಲ್ಲಿ ನನ್ನ ಅರಿಕೆ ಇಷ್ಟೆ: ಈ ಸಂಚಿಕೆಯ ಜಾಹೀರಾತಿನ ಹಣದಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಒಬ್ಬ ಸಂಗೀತ ವಿದ್ಯಾರ್ಥಿಗೆ ತೆಗೆದಿಡೋಣ. ಅದನ್ನು ಒಮ್ಮೆಲೆ ಕೊಟ್ಟು ಕೈತೊಳೆದುಕೊಳ್ಳುವುದು ಬೇಡ. ತಿಂಗಳು ತಿಂಗಳು ಕೊಡೋಣ. ಶಾಲು ಹೊದಿಸಿ ಭಾವಚಿತ್ರ ತೆಗೆಸುವುದೂ ಬೇಡ. ಅವರ ಓದು ಮುಗಿದ ಮೇಲೆ ಇಂಥದೇ ಒಂದು ಸಮ್ಮೇಳನದಲ್ಲಿ ಅರ್ಧ ತಾಸು ಹಾಡಿಸೋಣ.

ಅಂದು ಮೊದಲ ಸಾಲಿನಲ್ಲಿ ಒಬ್ಬ ಮಗ್ಗದ ಕೆಲಸಗಾರನಿಗೆ ಜಾಗ ಬಿಡಿ. ನಾನು ಅವನ ಪಕ್ಕದಲ್ಲಿ ಕೂಡುತ್ತೇನೆ.