ಭಾನುವಾರದ ಕ್ಲಾಸು

ಪಿಎಚ್.ಡಿ. ಮಾಡೋರನ್ನ ಎಲ್ಲರೂ ಕೇಳೋದು ಒಂದೇ: "ಯಾವಾಗ ಮುಗಿಯುತ್ತೆ?" ಪಾಠ ಮಾಡೋಕೆ ಬರುತ್ತಾ ಅಂತ ಯಾರೂ ಕೇಳಲ್ಲ. ಚಿತ್ರದುರ್ಗದಲ್ಲಿ ದೂರಶಿಕ್ಷಣದ ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳಿಗೆ ಭಾನುವಾರದ ಕ್ಲಾಸು ತೆಗೆದುಕೊಳ್ಳುವ ತನಕ ನಾನೂ ಕೇಳಿಕೊಂಡಿರಲಿಲ್ಲ.

ಮೊದಲ ದಿನ ನಲವತ್ತು ಸ್ಲೈಡ್ ಹೊತ್ತು ಹೋದೆ. ಎದುರಿಗೆ ಹೊಳಲ್ಕೆರೆಯ ಬಸ್ ಕಂಡಕ್ಟರ್, ಹಿರಿಯೂರಿನ ಸ್ವಸಹಾಯ ಸಂಘದ ಹೆಂಗಸು, ಹೊಸದುರ್ಗ ಕಡೆಯ ಅಂಗನವಾಡಿ ಅಕ್ಕ. ಬಹಳಷ್ಟು ಜನ ನನಗಿಂತ ಹದಿನೈದು ವರ್ಷ ದೊಡ್ಡವರು. "ಕೇಸ್ ವರ್ಕ್‌ನ ಹಂತಗಳು" ಅಂತ ಶುರು ಮಾಡಿದೆ. ಅರ್ಧ ಗಂಟೆಗೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು.

ಅಂಗನವಾಡಿ ಅಕ್ಕ ಎದ್ದು ನಿಂತರು. "ಮೇಡಂ, ಗಂಡ ಹೊಡೆದ ಅಂತ ರಾತ್ರಿ ಹತ್ತಕ್ಕೆ ಮಗು ಎತ್ಕೊಂಡು ಬಂದವಳನ್ನ ಬೆಳಗಿನ ತನಕ ಎಲ್ಲಿ ಇಟ್ಕೊಳ್ಳಲಿ? ಅವನು ನಮ್ಮನೆ ಬಾಗಿಲಿಗೇ ಬರ್ತಾನೆ."

ನಾನು 2005ರ ಕೌಟುಂಬಿಕ ಹಿಂಸೆ ಕಾಯ್ದೆ, ರಕ್ಷಣಾಧಿಕಾರಿ, 181 ಸಹಾಯವಾಣಿ ಅಂತ ಒಪ್ಪಿಸಿದೆ. "ಅವೆಲ್ಲ ಗೊತ್ತು ಮೇಡಂ. ನಾನು ಕೇಳಿದ್ದು ಆ ರಾತ್ರಿ" ಅಂದು ಕೂತರು. ಮುಂದಿನ ಭಾನುವಾರ ಬರಲಿಲ್ಲ.

ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬೋಧನೆಯ ತರಬೇತಿಯೂ ಬೇಕು ಅಂತ 2022ರ ಯುಜಿಸಿ ನಿಯಮ ಹೇಳುತ್ತೆ. ನನಗೆ ಆ ತರಬೇತಿ ಅಂದರೆ ಸ್ಲೈಡ್ ಮಾಡೋದು ಅಷ್ಟೇ ಆಗಿತ್ತು. ದೊಡ್ಡವರು ಅನುಭವ ಹೊತ್ತು ಬರ್ತಾರೆ, ಇವತ್ತಿನ ಕಷ್ಟಕ್ಕೆ ಒದಗೋದನ್ನ ಕಲೀತಾರೆ ಅಂತ ಮಾಲ್ಕಂ ನೋಲ್ಸ್ 1970ರಲ್ಲೇ ಬರೆದಿದ್ದ. ಅದಕ್ಕೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರವನ್ನೂ ಬರೆದಿದ್ದೆ!

ಅಕ್ಕನಿಗೆ ಫೋನ್ ಮಾಡಿದೆ. "ಉತ್ತರ ನನಗೂ ಗೊತ್ತಿಲ್ಲ ಅಕ್ಕ. ಬನ್ನಿ, ಎಲ್ಲರನ್ನೂ ಕೇಳೋಣ."

ಮೂರನೇ ಭಾನುವಾರ ಪ್ರೊಜೆಕ್ಟರ್ ಹಚ್ಚಲೇ ಇಲ್ಲ. ಅಕ್ಕ ಮತ್ತೆ ಅದೇ ಪ್ರಶ್ನೆ ಇಟ್ಟರು. ಹಿರಿಯೂರಿನಾಕೆ ಹೇಳಿದರು: "ನಮ್ಮ ಸಂಘದಲ್ಲಿ ಅಂಥವಳನ್ನ ಒಬ್ಬರ ಮನೇಲಿ ಬಿಡಲ್ಲ. ನಾಲ್ಕು ಜನ ಹೆಂಗಸರು ಹೋಗಿ ಜೊತೆಗೆ ಮಲಗ್ತೀವಿ. ಒಬ್ಬಳಿದ್ದರೆ ಬಾಗಿಲು ಬಡೀತಾನೆ, ಐದು ಜನ ಇದ್ದರೆ ಹಿಂದೆ ಹೋಗ್ತಾನೆ." ಲಾಸ್ಟ್ ಬಸ್ಸಿಗೆ ಹಾಗೆ ಯಾರಾದರೂ ಹತ್ತಿದರೆ ತಾನು ಏನು ಮಾಡ್ತೀನಿ ಅಂತ ಕಂಡಕ್ಟರ್ ಹೇಳಿದರು. ಅಕ್ಕ ಎರಡೂ ಬರೆದುಕೊಂಡರು. ಆಮೇಲೆ ಕೇಳಿದರು: "ಈಗ ಹೇಳಿ ಮೇಡಂ, ಬೆಳಿಗ್ಗೆ ಆ ರಕ್ಷಣಾಧಿಕಾರಿ ಹತ್ರ ಏನೇನು ತಗೊಂಡು ಹೋಗಬೇಕು?"

ಆಗ ನನ್ನ ಪಾಠ ಶುರುವಾಯಿತು. ಯಾರೂ ತೂಕಡಿಸಲಿಲ್ಲ.

ಥೀಸಿಸ್ ಇನ್ನೂ ಮುಗಿದಿಲ್ಲ. ನಿಮ್ಮ ಪರಿಚಯದಲ್ಲಿ ಪಿಎಚ್.ಡಿ. ಮಾಡೋರಿದ್ದರೆ, ಮುಂದಿನ ಸಲ ಆ ಇನ್ನೊಂದು ಪ್ರಶ್ನೆ ಕೇಳಿ.